ತೊಂಬತ್ತೇಳರ ಬಾನೆಟ್

ಟಿಂಕರ್ ಶಿವಣ್ಣನ ಗ್ರೈಂಡರ್ ತಗಡಿಗೆ ತಾಗುವಷ್ಟರಲ್ಲಿ ಅರ್ಪಿತ ಬಾನೆಟ್ಟಿನ ಅಂಚಿಗೆ ಅಂಗೈ ಅಡ್ಡ ಇಟ್ಟಳು.

"ಕೈ ತಗೀರಮ್ಮಾ! ಬೆರಳು ತುಂಡಾದ್ರೆ ಎಲ್ಲಿಂದ ತರ್ಲಿ?"

ಬಾನೆಟ್ಟನ್ನಾದರೂ ಎಲ್ಲಿಂದ ತರುವುದು? ತನ್ನ ಎಂಬತ್ತೈದರ ಕಾಂಟೆಸ್ಸಾ ಕಾರಿಗೆಂದು ತೊಂಬತ್ತೇಳರ ಗಾಡಿಯ ಈ ಬಾನೆಟ್ಟನ್ನು ಆರು ತಿಂಗಳು ಹುಡುಕಿ ನಂಜನಗೂಡಿನ ಈ ಶೆಡ್ಡಿಗೆ ತಂದಿದ್ದಳು. ಈಗ ಎಡಗಡೆ ಅರ್ಧ ಬೆರಳಿನಷ್ಟು ಮಡ್‌ಗಾರ್ಡಿಗೆ ತಗಲುತ್ತಿತ್ತು. ಒಮ್ಮೆ ಕೊಯ್ದರೆ ಮುಗಿಯಿತು.

"ಬೇರೆ ಇಸ್ವಿ ಮಾಲು ಕಣಮ್ಮ. ಕುಯ್ದೇ ಕೂರುಸ್ಬೇಕು."

ಅವಳ ಕಣ್ಣು ಆಗಿನಿಂದಲೂ ಚಕ್ರ ಬಿಚ್ಚಿದ ಗಾಡಿಯನ್ನು ಹೊತ್ತಿದ್ದ ಮರದ ದಿಮ್ಮಿಗಳ ಮೇಲಿತ್ತು. ಒಂದು ದಿಮ್ಮಿ ತುಸು ಎತ್ತರ. "ಶಿವಣ್ಣೋರೆ, ಗಾಡಿನೇ ತಿರುಚಿಕೊಂಡು ನಿಂತಿದೆ. ಮೊದ್ಲು ಚಕ್ರ ಹಾಕಿ ನೆಲಕ್ಕಿಳ್ಸಿ." ಅಂಚಿನ ಮೇಲಿನ ಕೈ ಕದಲಲಿಲ್ಲ.

"ಮೂವತ್ತು ವರ್ಸದಿಂದ ದಿಮ್ಮಿ ಮೇಲೇ ಕೂರುಸ್ತಿವ್ನಿ ನಾನು!" ಎಂದು ಗೊಣಗುತ್ತಲೇ ಶಿವಣ್ಣ ಚಕ್ರ ತೊಡಿಸಿ ಜಾಕ್ ಇಳಿಸಿದ. ಸ್ಪ್ರಿಂಗುಗಳು ಕಿರುಗುಟ್ಟಿ, ಗಾಡಿ ತನ್ನ ಭಾರಕ್ಕೆ ತಾನೇ ಸರಿಯಾಗಿ ಕೂತಿತು. ಅರ್ಪಿತ ಬಾನೆಟ್ಟನ್ನು ಒತ್ತಿದಳು. ಟಕ್ ಎಂದು ಮುಚ್ಚಿಕೊಂಡಿತು. ಎರಡೂ ಬದಿಗೆ ಒಂದೇ ಅಳತೆಯ ಸಂದು.

ಶಿವಣ್ಣ ಆ ಸಂದಿನುದ್ದಕ್ಕೂ ಉಗುರು ಎಳೆದು ನೋಡಿದ. ಗ್ರೈಂಡರಿನ ಪ್ಲಗ್ ಕಿತ್ತ.

"ಇನ್ನೊಂದ್ ಸಲ ಮುಚ್ಚವ್ವಾ," ಎಂದ, "ಆ ಸದ್ದು ಕೇಳುಸ್ಕೋಬೇಕು."