ಮಧ್ಯಾಹ್ನದ ಮಂಕು

“ಮತ್ತ ಬೆಳಕು ಆರಿಸ್ಯಾಳ ನೋಡು!”

ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದವನೇ ಉಚ್ಚೆಂಗಪ್ಪ ಹಲ್ಲು ಕಡಿದ. ಬೆಳಗ್ಗೆ ಹಾಲಿನಂತೆ ಬೆಳ್ಳಗಿದ್ದ ಪರದೆ ಈಗ ಮುಸುರೆ ನೀರಿನಂತಾಗಿತ್ತು. ಹತ್ತು ನಿಮಿಷ ಮುಟ್ಟದೆ ಬಿಟ್ಟರೆ ಆ ಯಂತ್ರ ನಿದ್ದೆಗೆ ಜಾರುತ್ತಿತ್ತು. ಮಧ್ಯಾಹ್ನ ಗುಂಡಿ ಒತ್ತಿ ಎಬ್ಬಿಸಿದರೆ ಹೀಗೆ ಮುಖ ಕಪ್ಪು ಮಾಡಿಕೊಂಡು ಏಳುತ್ತಿತ್ತು.

ತೊಂಬತ್ತೆಂಟನೇ ಇಸವಿಯ ಬೇಸಿಗೆ. ಸಂಡೂರಿನ ಗುಡ್ಡದ ಕೆಳಗೆ ಅದಿರಿನ ಲಾರಿ ತೂಗುವ ಆಫೀಸು. ಮ್ಯಾನೇಜರ್ ಉಚ್ಚೆಂಗಪ್ಪ ಮಾಲೀಕರ ಕೈಕಾಲು ಹಿಡಿದು ಅಲ್ಲಿಗೆ ಮೊದಲ ಲ್ಯಾಪ್‌ಟಾಪ್ ತರಿಸಿದ್ದ. ಅದು ಬಂದ ವಾರವೇ ಬಳ್ಳಾರಿಗೆ ಹೋಗಿ ಹೊಸ ಸಫಾರಿ ಹೊಲಿಸಿ, ಹೊಸ ಕನ್ನಡಕ ಮಾಡಿಸಿ, ಕೂದಲಿಗೆ ಬಣ್ಣ ಹಚ್ಚಿಸಿ, ಮದುಮಗನಂತೆ ಅದರ ಮುಂದೆ ಕೂತಿದ್ದ. ಶನಿವಾರ ಮಾಲೀಕರು ನೋಡಲು ಬರುವವರಿದ್ದರು. “ನಡೀಲಿಲ್ಲಂದ್ರ ಮಷಿನ್ ವಾಪಸ್, ನೀನು ಮ್ಯಾಲೆ ಗಣಿಗೆ” ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದರು. ಐವತ್ತು ದಾಟಿದ ಮೊಣಕಾಲು ಎಳೆದುಕೊಂಡು ದಿನಾ ಗುಡ್ಡ ಹತ್ತುವುದನ್ನು ನೆನೆದರೇ ಅವನಿಗೆ ಜೀವ ಹೋದಂತಾಗುತ್ತಿತ್ತು.

ಅನುಮಾನ ಪಡಲು ಆಫೀಸಿನಲ್ಲಿ ಇದ್ದದ್ದು ಟೈಪಿಸ್ಟ್ ಚೆನ್ನಬಸಮ್ಮ ಒಬ್ಬಳೇ. ಹದಿನೆಂಟು ವರ್ಷ ಟೈಪ್‌ರೈಟರ್ ಕುಟ್ಟಿದವಳು. ಲ್ಯಾಪ್‌ಟಾಪ್ ಗೆದ್ದರೆ ಆ ಟೈಪ್‌ರೈಟರ್ ಗುಜರಿಗೆ. ಉಚ್ಚೆಂಗಪ್ಪ ದಿನಾ ಹನ್ನೆರಡಕ್ಕೆ ಅದಿರಿನ ರಾಶಿಗಳ ಸುತ್ತ ಒಂದು ತಾಸು ಅಡ್ಡಾಡಿ ಬರುವಾಗ ಯಂತ್ರದ ಹತ್ತಿರ ಇರುತ್ತಿದ್ದವಳೂ ಅವಳೇ.

“ಏನ್ ಮಾಡಿದಿ ಇದಕ್ಕ?”

“ನಾ ಏನೂ ಮಾಡಿಲ್ರಿ. ನನಗ ಚಲೋ ಕಾಣ್ತೈತಿ.”

“ಕಾಣ್ತೈತಂತ! ನನ್ನ ಕಣ್ಣಿಗೆ ಮಣ್ಣು ಹಾಕ್ತಿ ಏನು?”

ಅವನು ಮಾಡದ ಉಪಾಯವಿಲ್ಲ. ಸೂರ್ಯನ ಚಿತ್ರವಿದ್ದ ಗುಂಡಿಯನ್ನು ಬೆರಳು ನೋಯುವವರೆಗೆ ಒತ್ತಿದ. ಕೆಂಧೂಳು ಒರೆಸಿದ. ಕಿಟಕಿ ಮುಚ್ಚಿಸಿದ. ಕೊನೆಗೆ ಚಿತ್ತವಾಡ್ಗಿಯ ಟೀವಿ ಮೆಕ್ಯಾನಿಕ್ ಜಡೆಪ್ಪನನ್ನು ಕರೆಸಿದ. ಬಸ್ಸಿಳಿದು ಬಂದವನ ಜೊತೆ ಒಳಗೇ ಕೂತು ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಆಗಿ, ಹೊಸಪೇಟೆಯ ಸುದ್ದಿಯೆಲ್ಲ ಮುಗಿದ ಮೇಲೆ ಯಂತ್ರ ಎಬ್ಬಿಸಿದರೆ ಪರದೆ ಝಗ್ಗೆಂದಿತು! ಉಚ್ಚೆಂಗಪ್ಪನೇ ಕಣ್ಣಾರೆ ಕಂಡ. ಜಡೆಪ್ಪ ಸ್ಕ್ರೂಡ್ರೈವರನ್ನು ಚೀಲದಿಂದ ತೆಗೆಯಲೇ ಇಲ್ಲ. ಮರುದಿನ ಮಧ್ಯಾಹ್ನ ಮತ್ತೆ ಅದೇ ಮಂಕು.

“ವೋಲ್ಟೇಜ್ ಇರಬೇಕ್ರಿ,” ಅಂದ ಜಡೆಪ್ಪ ಫೋನಿನಲ್ಲಿ. “ಕಾಲುವಿ ಕಡೆ ಎಲ್ಲಾರೂ ಈ ಹೊತ್ತಿಗೆ ಪಂಪ್‌ಸೆಟ್ ಹಚ್ತಾರ. ಟ್ಯೂಬ್‌ಲೈಟ್ ನೋಡ್ರಿ ಬೇಕಾರ.”

ಉಚ್ಚೆಂಗಪ್ಪ ತಲೆಯೆತ್ತಿದ. ಅರೆ, ಹೌದಲ್ಲ! ಟ್ಯೂಬ್‌ಲೈಟೂ ಮಂಕಾಗಿತ್ತು. ಜಲ್ದಿ ಒಂದು ಸ್ಟೆಬಿಲೈಜರ್ ತರಿಸಿದ. ಅದರ ಮುಳ್ಳು ಇನ್ನೂರಮೂವತ್ತು ವೋಲ್ಟಿನ ಮೇಲೆ ಅಲ್ಲಾಡದೆ ನಿಂತಿತು. ಪರದೆ ಮಾತ್ರ ಮರುದಿನ ಮಧ್ಯಾಹ್ನವೂ ಕಪ್ಪಗೇ ಇತ್ತು. ಅಲ್ಲಿಗೆ ಅನುಮಾನ ತಿರುಗಿ ಚೆನ್ನಬಸಮ್ಮನ ಮೇಲೇ ಬಂದು ಕೂತಿತು.

ಶುಕ್ರವಾರ ಮಧ್ಯಾಹ್ನ, ಅವಳನ್ನು ಗುಡ್ಡದ ಮೇಲಿನ ಗಣಿಗೆ ವರ್ಗ ಮಾಡುವ ಆದೇಶ ತಯಾರಿಸಿದ. ಲ್ಯಾಪ್‌ಟಾಪಿನ ಪರದೆ ಸರಿಯಾಗಿ ಕಾಣದ್ದರಿಂದ ಅದನ್ನೂ ಅವಳ ಕೈಯಲ್ಲೇ ಟೈಪ್ ಮಾಡಿಸಬೇಕಾಯಿತು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಒಂದಕ್ಷರ ತಪ್ಪದೆ ಹೊಡೆದುಕೊಟ್ಟಳು. ಇನ್ನು ಮಾಲೀಕರ ಸಹಿಯೊಂದೇ ಬಾಕಿ.

ಶನಿವಾರ ಕಂಪನಿಯ ಪದ್ಧತಿಯಂತೆ ಉಚ್ಚೆಂಗಪ್ಪ ಹಾರ ಹಿಡಿದು ಗೇಟಿನ ಮುಂದೆ ಬಿಸಿಲಲ್ಲಿ ಒಂದು ತಾಸು ನಿಂತ. ಜೀಪು ಬಂದದ್ದೇ ತಡ, ಮಾಲೀಕರನ್ನು ನೇರ ಲ್ಯಾಪ್‌ಟಾಪಿನ ಮುಂದೆ ಕರೆತಂದು ಗುಂಡಿ ಒತ್ತಿದ. ಮತ್ತೆ ಅದೇ ಮಂಕು.

“ನೋಡ್ರಿ, ಇವತ್ತೂ ಆರಿಸ್ಯಾಳ! ಇಕೀನ್ನ ಮ್ಯಾಲೆ ಕಳಿಸ್ರಿ!” ಎಂದು ಆದೇಶದ ಹಾಳೆಯನ್ನು ಮುಂದೆ ಹಿಡಿದ.

ಮಾಲೀಕರು ಪರದೆಯ ಮೇಲಿದ್ದ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಆಮೇಲೆ ಉಚ್ಚೆಂಗಪ್ಪನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಹಾಳೆಯಲ್ಲಿದ್ದ ಚೆನ್ನಬಸಮ್ಮನ ಹೆಸರು ಹೊಡೆದುಹಾಕಿ, ಅಲ್ಲಿ ಅವನ ಹೆಸರು ಬರೆದು, ಸಹಿ ಹಾಕಿ, ಅವನ ಕೈಗೇ ಕೊಟ್ಟರು.

“ಮ್ಯಾಲೆ ಬಿಸಿಲು ಭಾಳ ಐತಿ,” ಎಂದರು. “ಬಿಸಿಲಿಗೆ ಹೋದ್ರ ತಾನ ಕಪ್ಪಾಗೋ ನಿನ್ನ ಈ ಕನ್ನಡಕ ಅಲ್ಲಿಗೇ ಸರಿ.”