ಗೋಡೆಯಾಚೆಯ ಕೂಸು

ಪಾದ್ರಿ ಓಲಿಂದೊ ರೇಡಿಯೊವನ್ನು ಕಿಟಕಿಯ ಮೇಲಿಟ್ಟು ಅದರ ಕಿವಿ ಹಿಂಡಿದರು. ಅಂಗಳದಲ್ಲಿ ನೆರೆದಿದ್ದ ಊರು ಗಪ್‌ಚಿಪ್ಪಾಯಿತು. ಸಾವಿರದ ಒಂಬೈನೂರ ಐವತ್ತನೇ ಇಸವಿ, ಸಕಲ ಸಂತರ ಹಬ್ಬದ ಬೆಳಗು. ರೋಮಿನಿಂದ ಪೋಪರ ದನಿ ಗೊರಗೊರ ಅನ್ನುತ್ತ, ಏದುಸಿರು ಬಿಡುತ್ತ ಕಾರ್ನಿಯಾದ ಈ ಬೆಟ್ಟ ಹತ್ತಿ ಬಂತು. ಲ್ಯಾಟಿನ್ ಯಾರಿಗೂ ತಿಳಿಯದು. ಮುಗಿದ ಮೇಲೆ ಪಾದ್ರಿಗಳೇ ಕಣ್ಣೊರೆಸಿಕೊಂಡು ಬಿಡಿಸಿ ಹೇಳಿದರು: "ಮಾತೆ ಮರಿಯಮ್ಮ ಆತ್ಮದ ಜೊತೆ ದೇಹವನ್ನೂ ಇಟ್ಟುಕೊಂಡೇ ಸ್ವರ್ಗ ಸೇರಿದ್ದಾಳೆ. ನಾವು ಅಜ್ಜಿಯಂದಿರ ಕಾಲದಿಂದ ನಂಬಿದ್ದೇ. ಇವತ್ತು ಪೋಪರು ಅದನ್ನು ಲೋಕಕ್ಕೆಲ್ಲ ಸಾರಿದ್ದಾರೆ. ಇನ್ನು ಎರಡು ಮಾತಿಲ್ಲ."

ಗಂಟೆ ಮೊಳಗಿತು. ಜನ ಊಟಕ್ಕೆ ಚದುರಿದರು. ಇರ್ಮಾ ಮಾತ್ರ ಕಿಟಕಿಯ ಕೆಳಗೆ ನಿಂತೇ ಇದ್ದಳು. ಅತ್ತೆ ಸಾಂತಿನಾ ಅವಳ ಶಾಲಿನ ತುದಿ ಜಗ್ಗಿದಳು. "ಬಾರೇ, ಪೊಲೆಂಟಾ ಮುದ್ದೆ ತಿರುವೋರು ಯಾರು? ಪೋಪರು ಬರ್ತಾರಾ?"

"ಸ್ವಾಮಿ," ಎಂದಳು ಇರ್ಮಾ, "ದೇಹ ಸಮೇತ ಅಂದ್ರೆ, ಆಕೆಗೆ ಈಗಲೂ ಕೈ ಇವೆ ಅಂತಲ್ವಾ?"

"ಇವೆಯಮ್ಮ. ಕೈ, ಕಾಲು, ಎಲ್ಲ."

"ಮಡಿಲೂ?"

"ಅದೂ ಇದೆ."

"ಖಂಡಿತಾನಾ? ನಾಳೆ ಯಾರೋ ಬಂದು ತಪ್ಪಾಯ್ತು, ಹಾಗಲ್ಲ ಅಂದುಬಿಟ್ರೆ?"

"ಅನ್ನೋ ಹಾಗಿಲ್ಲ. ಇದು ಎಲ್ಲರೂ ನಂಬಬೇಕಾದ ಸತ್ಯ ಅಂತ ಪೋಪರು ಪೀಠದಿಂದ ಸಾರಿದರೆ, ಆ ಮಾತಲ್ಲಿ ತಪ್ಪು ಬರದ ಹಾಗೆ ದೇವರೇ ಕಾಯ್ತಾನೆ."

"ತಪ್ಪೇ ಮಾಡದ ಗಂಡಸು!" ಸಾಂತಿನಾ ಮೂಗು ಮುರಿದಳು. "ನಮ್ಮನೇಲೂ ಒಬ್ಬ ಇದ್ದ, ಮಣ್ಣು ಸೇರೋವರೆಗೂ ಹಾಗೇ ಅಂತಿದ್ದ."

ಪಾದ್ರಿಗಳು ನಕ್ಕರು. "ಎಲ್ಲ ಮಾತಿಗೂ ಅಲ್ಲ, ಸಾಂತಿನಮ್ಮ. ನಾಳೆ ಬಿಸಿಲು ಅಂತ ಪೋಪರು ಹೇಳಿದರೂ ನೀವು ಕೊಡೆ ತಗೊಂಡೇ ಹೊರಡಿ. ಹೀಗೆ ಸಾರೋದು ಬಹಳ ಅಪರೂಪ. ನಾನು ಹುಟ್ಟಿದ ಮೇಲೆ ಇದೇ ಮೊದಲು."

ಇರ್ಮಾ ನಗಲಿಲ್ಲ. "ಹಾಗಾದ್ರೆ ಲಿಂಬೋ? ಜ್ಞಾನಸ್ನಾನ ಆಗದೆ ಹೋದ ಕೂಸುಗಳು ದೇವರ ಮುಖ ಕಾಣದೆ ಅಲ್ಲೇ ಇರ್ತವೆ ಅಂದಿದ್ರಲ್ಲ. ಅದನ್ನೂ ಯಾರಾದರೂ ಪೋಪರು ಹೀಗೇ ಸಾರಿದ್ದಾರಾ?"

ರೇಡಿಯೊದ ತಂತಿ ಸುತ್ತುತ್ತಿದ್ದ ಪಾದ್ರಿಗಳ ಕೈ ನಿಂತಿತು. ಆ ವರ್ಷದ ಮಾರ್ಚ್ ತಿಂಗಳ ಹಿಮದಲ್ಲಿ ಇರ್ಮಾಗೆ ಹೆರಿಗೆಯಾಗಿತ್ತು. ಗಂಡ ಬೆಲ್ಜಿಯಮ್ಮಿನ ಗಣಿಯಲ್ಲಿದ್ದ. ಕೂಸಿನ ಮೈ ನೀಲಿಗಟ್ಟುತ್ತಿದ್ದುದನ್ನು ಕಂಡ ಸಾಂತಿನಾ ಸೂಲಗಿತ್ತಿಯನ್ನು ಕರೆಯಲು ಹಿಮದಲ್ಲಿ ಬಿದ್ದೆದ್ದು ಓಡಿದ್ದಳು. ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ತಲೆಗೆ ಒಂದಿಷ್ಟು ನೀರು ಹನಿಸಿ ಜ್ಞಾನಸ್ನಾನ ಕೊಡಬಹುದಿತ್ತು. ಪಾತ್ರೆ ತುಂಬ ನೀರು ಒಲೆಯ ಪಕ್ಕದಲ್ಲೇ ಇತ್ತು. ಗಾಬರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಸಾಂತಿನಾ ಮರಳುವಷ್ಟರಲ್ಲಿ ಇರ್ಮಾಗೆ ಮೈಮೇಲೆ ಎಚ್ಚರವಿರಲಿಲ್ಲ, ಕೂಸಿಗೆ ಉಸಿರಿರಲಿಲ್ಲ. ಜ್ಞಾನಸ್ನಾನವಾಗದವರಿಗೆ ಒಳಗೆ ಜಾಗವಿಲ್ಲವೆಂದು ಹೆಸರಿಲ್ಲದ ಆ ಕೂಸನ್ನು ಸ್ಮಶಾನದ ಗೋಡೆಯಾಚೆ, ತುರಿಕೆ ಸೊಪ್ಪು ಬೆಳೆದ ಮೂಲೆಯಲ್ಲಿ ಮಣ್ಣು ಮಾಡಿದರು. ಅಂದಿನಿಂದ ಅತ್ತೆ ಸೊಸೆ ಆ ಮಾತೆತ್ತಿರಲಿಲ್ಲ.

"ಇಲ್ಲ," ಎಂದರು ಪಾದ್ರಿಗಳು. "ಹಿರಿಯರು ಹೇಳಿದರು, ಗುರುಮಠದಲ್ಲಿ ಕಲಿಸಿದರು, ನಾನು ನಿನಗೆ ಹೇಳಿದೆ. ಹೀಗೆ ಯಾರೂ ಸಾರಿಲ್ಲ."

"ಮತ್ತೆ, ತೋಳಿರೋ ತಾಯಿ ಅಲ್ಲಿ ಕೂತಿರುವಾಗ ನನ್ನ ಕೂಸು ಎಲ್ಲೋ ಅಳ್ತಿದ್ರೆ, ಆಕೆ ಎತ್ತಿಕೊಳ್ಳದೆ ಇರ್ತಾಳಾ ಸ್ವಾಮಿ?"

"ಗೊತ್ತಿಲ್ಲ ಇರ್ಮಾ." ಪಾದ್ರಿಗಳ ದನಿ ಇಳಿದಿತ್ತು. "ಗೊತ್ತು ಅಂತ ಅವತ್ತು ನಾನು ಹೇಳಬಾರದಿತ್ತು."

ಸಾಂತಿನಾ ಶಾಲಿನ ತುದಿಯನ್ನು ಬಿಟ್ಟು ಸೊಸೆಯ ಕೈ ಹಿಡಿದುಕೊಂಡಳು. ಪೊಲೆಂಟಾದ ಮಾತು ಮರೆತೇಹೋಗಿತ್ತು.

ಮಧ್ಯಾಹ್ನ ಊರೆಲ್ಲ ಸ್ಮಶಾನದಲ್ಲಿ ಸೇರಿತು. ಪ್ರತಿ ಸಮಾಧಿಗೂ ಸೇವಂತಿಗೆ, ಪ್ರತಿ ಸಮಾಧಿಗೂ ಮೇಣದ ಬತ್ತಿ. ಪಾದ್ರಿಗಳು ಪ್ರತಿ ವರ್ಷದಂತೆ ಸಾಲು ಸಾಲಾಗಿ ಕುಂಚದಿಂದ ತೀರ್ಥ ಚಿಮುಕಿಸುತ್ತ ಬಂದರು. ಕೊನೆಯದು ಇರ್ಮಾಳ ಮಾವನ ಸಮಾಧಿ, ಗೋಡೆಗೆ ಒತ್ತಿಕೊಂಡೇ ಇದ್ದದ್ದು. ಅಲ್ಲಿಗೆ ಕೆಲಸ ಮುಗಿಯಬೇಕು. ಆದರೆ ಪಾದ್ರಿಗಳು ಕುಂಚವನ್ನು ಮತ್ತೆ ಬಕೆಟ್ಟಿನ ತಳದವರೆಗೂ ಅದ್ದಿದರು, ತೋಳನ್ನು ಹಿಂದಕ್ಕೆಳೆದರು, ಬೀಜ ಬಿತ್ತುವವರ ಹಾಗೆ ಬೀಸಿದರು. ತೀರ್ಥ ಗೋಡೆಯ ಮೇಲಿಂದ ಹಾರಿ ಆಚೆಯ ಸೊಪ್ಪಿನ ಮೇಲೆ ಪಟಪಟ ಬಿತ್ತು. ಇನ್ನೊಮ್ಮೆ ಅದ್ದಿ ಬೀಸಿದರು. ಮತ್ತೊಮ್ಮೆ.

"ಸ್ವಾಮೀ, ಎಲ್ಲ ಗೋಡೆಯಾಚೆ ಹೋಗ್ತಿದೆ!" ಹಿಂದಿನಿಂದ ಯಾರೋ ಕೂಗಿದರು.

"ಏನು ಮಾಡೋದಪ್ಪ, ಗಾಳಿ," ಎಂದರು ಪಾದ್ರಿಗಳು.

"ಹೂಂ, ಏನು ಗಾಳಿ, ಏನು ಗಾಳಿ!" ಸಾಂತಿನಾ ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು.

ಇರ್ಮಾ ಕಣ್ಣೆತ್ತಿ ನೋಡಿದಳು. ಸ್ಮಶಾನದ ತುಂಬ ಮೇಣದ ಬತ್ತಿಗಳ ಉರಿ ಒಂದಿಷ್ಟೂ ಅಲುಗದೆ ನೆಟ್ಟಗೆ ನಿಂತಿತ್ತು.