ಮೇಲಿನ ಮನೆಯ ನಲ್ಲಿ

ಗಂಡ ಪ್ಲಂಬರನನ್ನು ಕರೆದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಅವಳು ಕುಂಬಳಕಾಯಿ ಹೆಚ್ಚುತ್ತಿದ್ದಳು. ಪಕ್ಕದಲ್ಲಿ ನಾದಿನಿ ಚಮಚದಲ್ಲಿ ಉಪ್ಪು ಅಳೆಯುತ್ತಿದ್ದಳು. "ಚಳಿ ಹೋಯ್ತಲ್ಲ, ಈಗ ಪೈಪ್ ಹಾಕಿದ್ರೆ ಒಡೆಯಲ್ವಂತೆ. ಸಂಜೆ ಹೊತ್ತಿಗೆ ಮೇಲಿನ ನಲ್ಲೀಲಿ ನೀರು," ಎಂದ ಗಂಡ. ಪಂದ್ಯದಲ್ಲಿ ಬಹುಮಾನ ಗೆದ್ದು ತಂದವನ ಮುಖ ಅವನದು. 

ನಾದಿನಿಯನ್ನು ಮನೆಯವರೆಲ್ಲ ಕರೆಯುವುದು ಕಡ್ಡಿ ಎಂದು. ಚಿಕ್ಕಂದಿನಲ್ಲಿ ಅಣ್ಣ ಇಟ್ಟ ಹೆಸರು. ಈಗ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುವಷ್ಟು ಮೈ ಬಂದಿದ್ದರೂ ಹೆಸರು ಮಾತ್ರ ದಪ್ಪಗಾಗಿಲ್ಲ. ಔಷಧಿ ಅಂಗಡಿಯ ಕೆಲಸ ಬಿಟ್ಟು ಮಹಡಿಯ ಮನೆಗೆ ಬಂದ ದಿನವೇ ಅವಳು, ನನ್ನ ಒಲೆ ನನಗೆ, ನಿಮ್ಮ ಒಲೆ ನಿಮಗೆ, ಆಗ ಇಬ್ಬರೂ ಚೆನ್ನಾಗಿರುತ್ತೇವೆ ಎಂದು ಹೇಳಿಬಿಟ್ಟಿದ್ದಳು. ಹೇಳಿದಂತೆಯೇ ನಡೆದಳು ಕೂಡ. ಒಂದು ಹಿಡಿ ಸಕ್ಕರೆ ಕೇಳಲಿಕ್ಕೂ ಇಳಿದು ಬಂದವಳಲ್ಲ. ಹಿಮ ಬೀಳುವ ಈ ಬೆಟ್ಟದೂರಿನಲ್ಲಿ ಈ ಚಳಿಗಾಲ ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಪೈಪೇ ಸೀಳಿದಾಗ ಮಾತ್ರ, ಬೇರೆ ದಾರಿ ಕಾಣದೆ, ತನ್ನ ಅಳತೆಯ ಚಮಚಗಳ ಗೊಂಚಲು ಹಿಡಿದುಕೊಂಡು ಕೆಳಗೆ ಬಂದಳು.

ಮೊದಲ ವಾರ ಯುದ್ಧವೇ. ಕೈಯಂದಾಜಿನಲ್ಲಿ ಉಪ್ಪು ಉದುರಿಸುವವಳು ಒಬ್ಬಳು, ಚಮಚದ ಅಂಚಿಗೆ ಸರಿಯಾಗಿ ಒರೆಸಿ ಹಾಕುವವಳು ಇನ್ನೊಬ್ಬಳು. ಇಬ್ಬರೂ ಉಪ್ಪು ಹಾಕಿದ ಸೂಪನ್ನು ಗಂಡ ತಂಬಿಗೆಗಟ್ಟಲೆ ನೀರಿನ ಜೊತೆ ಇಳಿಸಿದ್ದ. ಒಂದು ಒಲೆಗೆ ಇಬ್ಬರಾದರೆ ತನ್ನ ಕೈಲಾಗದು, ಬೇಗ ಪೈಪು ಸರಿ ಮಾಡಿಸಿ ಎಂದು ಅವಳು ಅವನ ಹತ್ತಿರ ಗೊಣಗಿದ್ದು ಆಗಲೇ.

ಆಮೇಲೆ ಅದು ಯಾವಾಗ ಬದಲಾಯಿತೋ. ಹೊರಗೆ ಕೊರೆಯುವ ಗಾಳಿ, ಒಳಗೆ ಹಬೆಗೆ ಮಸುಕಾದ ಕಿಟಕಿಯ ಗಾಜು, ಒಲೆಯ ಮುಂದೆ ಇಬ್ಬರು. ಗೆಣಸು ಬೇಯುವವರೆಗೆ ಮಾತು. ಮಾತು ಮುಗಿಯದಿದ್ದರೆ ಗೆಣಸು ಇನ್ನಷ್ಟು ಬೇಯುತ್ತಿತ್ತು. ಹುಡುಗಿಯಾಗಿದ್ದಾಗ ಈಜು ಕಲಿಯಬೇಕೆಂದು ಹಟ ಹಿಡಿದಿದ್ದು, ಇತ್ತೀಚೆಗೆ ಕನ್ನಡಿಯಲ್ಲಿ ತನ್ನ ಮುಖದ ಬದಲು ಅಮ್ಮನ ಮುಖ ಕಾಣುವುದು, ಗಂಡನಿಗೂ ಹೇಳದ ಇಂಥವನ್ನೆಲ್ಲ ಸಿಪ್ಪೆ ಹೆರೆಯುತ್ತಾ ಹೇಳಿಬಿಟ್ಟಿದ್ದಳು. "ಸುಮ್ನಿರಿ ಅತ್ತಿಗೆ, ನಿಮ್ಮಮ್ಮ ನಿಮಗಿಂತ ಚೆನ್ನಾಗಿದ್ರು," ಎಂದಿದ್ದಳು ಕಡ್ಡಿ. ನಕ್ಕೂ ನಕ್ಕೂ ಹಾಲು ಉಕ್ಕಿತ್ತು. ಮದುವೆಯಾದಾಗಿನಿಂದ ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡು ಬಂದ ಅಡುಗೆಮನೆಯಲ್ಲಿ ಅವಳಿಗೆ ಮೊದಲ ಸಲ ಮರುಮಾತು ಸಿಕ್ಕಿತ್ತು.

"ಏನವಸರ, ಮತ್ತೆ ಚಳಿ ತಿರುಗಿದ್ರೆ?" ಎಂದಳು ಈಗ. ಪ್ಲಂಬರ್ ಕಿಟಕಿಯಾಚೆಯ ಮರದತ್ತ ಗಲ್ಲ ಎತ್ತಿ ತೋರಿಸಿ, ಚಿಗುರು ಬಂದ ಮೇಲೆ ಎಲ್ಲಿಯ ಚಳಿ ಅಮ್ಮ ಎಂದ. ಗಂಡ ಕಕ್ಕಾಬಿಕ್ಕಿಯಾದ. "ಒಂದು ಒಲೆಗೆ ಇಬ್ಬರು ಅಂದ್ರೆ ಆಗಲ್ಲ ಅಂತ ನೀನೇ ತಾನೇ ಹೇಳಿದ್ದು?"

ಕಡ್ಡಿಯ ಚಮಚ ಗಾಳಿಯಲ್ಲೇ ನಿಂತಿತು. ಮತ್ತೆ ಮೆಲ್ಲಗೆ ಉಪ್ಪಿನ ಡಬ್ಬಿಯೊಳಗೆ ಇಳಿಯಿತು. "ಹೌದಲ್ವಾ. ಎಷ್ಟು ದಿನ ಅಂತ ಅಡ್ಡ ನಿಂತ್ಕೊಳ್ಳೋದು ನಾನು," ಎಂದು ಚಮಚಗಳನ್ನು ತೊಳೆದು, ಒರೆಸಿ, ತನ್ನ ಬಾಣಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದಳು. ಅದು ಮೊದಲ ವಾರದ ಮಾತು ಕಣೇ ಎಂದು ಇವಳು ಬಾಯಿ ತೆರೆಯುವಷ್ಟರಲ್ಲಿ ಮೇಲೆ ಪ್ಲಂಬರನ ಗೋಡೆ ಕೊರೆಯುವ ಯಂತ್ರ ಶುರುವಾಯಿತು. ಗಂಡನನ್ನು ಅವಳು ಬೈಯಲಿಲ್ಲ. ಅವನು ಚಳಿಗಾಲವಿಡೀ ಅವಳ ಆ ಒಂದು ಮಾತನ್ನು ನೆನಪಿಟ್ಟುಕೊಂಡಿದ್ದ, ಬೈಯುವುದಾದರೂ ಹೇಗೆ? ಸುಮ್ಮನೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಅದನ್ನು ನೋಡಿದ.

ಸಂಜೆ ಯಂತ್ರದ ಸದ್ದು ನಿಂತು, ಮೇಲೆ ನಲ್ಲಿಯ ನೀರು ಪಾತ್ರೆಗೆ ಬೀಳುವುದು ಕೇಳಿಸಿತು. ಕೆಳಗೆ ಕುಂಬಳದ ಸೂಪು ಕುದಿಯುತ್ತಿತ್ತು. ಅವಳು ಉಪ್ಪಿನ ಡಬ್ಬಿಗೆ ಕೈ ಹಾಕಿ, ತೆಗೆದಳು. ಮೆಟ್ಟಿಲ ಬುಡಕ್ಕೆ ಹೋಗಿ ನಿಂತಳು.

"ಕಡ್ಡೀ, ಸ್ವಲ್ಪ ಬಂದು ಉಪ್ಪು ನೋಡೇ."

ಮೇಲೆ ನಲ್ಲಿ ನಿಂತಿತು. ಬಹಳ ಹೊತ್ತಿನ ಮೇಲೆ ಹೆಜ್ಜೆ ಸದ್ದು, ನಡುವೆ ಉಸಿರಿಗೆ ಒಂದು ನಿಲುಗಡೆ, ಮತ್ತೆ ಹೆಜ್ಜೆ. ಕಡ್ಡಿ ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದಳು. "ಉಪ್ಪೇ ಹಾಕಿಲ್ವಲ್ಲ ಅತ್ತಿಗೆ."

"ಇಲ್ಲ. ನೀನಿಲ್ದೆ ಅಂದಾಜೇ ಸಿಗ್ತಿಲ್ಲ ನಂಗೆ."

ಕಡ್ಡಿ ಡಬ್ಬಿ ಎಳೆದುಕೊಂಡಳು. ಕಣ್ಣೆತ್ತದೆ ಹೇಳಿದಳು, "ಮೇಲೆ ನೀರು ಬಂತು. ಒಲೆ ಹತ್ತುತ್ತಿಲ್ಲ."

ಪತ್ರಿಕೆ ಹಿಡಿದು ಕುಳಿತಿದ್ದ ಗಂಡ, ನೋಡ್ತೀನಿ ಇರು ಎನ್ನುತ್ತ ಎದ್ದು ಮೇಲೆ ಹೋದ. ಇಬ್ಬರೂ ಉಸಿರು ಬಿಗಿಹಿಡಿದು ಕೇಳಿಸಿಕೊಂಡರು. ಲೈಟರು ಟಕ್ಕೆಂದಿತು, ಒಂದೇ ಒಂದು ಸಲ. ಹತ್ತದ ಒಲೆಗೆ ಯಾರೂ ಒಂದೇ ಸಲ ಲೈಟರು ಒತ್ತಿ ಬಿಡುವುದಿಲ್ಲ. ಕಡ್ಡಿಯ ಕಿವಿ ಕೆಂಪಾಯಿತು. ಅವಳು ಸೂಪನ್ನು ಸುಮ್ಮಸುಮ್ಮನೆ ತಿರುವತೊಡಗಿದಳು.

ಗಂಡ ನಿಧಾನವಾಗಿ ಇಳಿದು ಬಂದ. "ಹೌದು, ಹತ್ತಲ್ಲ. ಹಳೇ ಒಲೆ, ರಿಪೇರಿ ಆಗೋದೂ ಕಷ್ಟ," ಎಂದವನೇ ಯಾರ ಮುಖವನ್ನೂ ನೋಡದೆ ಊಟಕ್ಕೆ ಕುಳಿತ. ಬಡಿಸಲು ಬಗ್ಗಿದ ಅವಳಿಗೆ ಅವನ ಅಂಗಿಯ ಜೇಬು ಕಾಣಿಸಿತು. ಮೇಲಿನ ಒಲೆಯಿಂದ ಕಿತ್ತ, ಗ್ಯಾಸ್ ತಿರುಗಿಸುವ ಎರಡು ಕಪ್ಪು ನಾಬ್‌ಗಳು ಅದರೊಳಗಿಂದ ಇಣುಕುತ್ತಿದ್ದವು.